‘ನಾನೇ ಮ್ಯಾನೇಜ್ ಮಾಡ್ಕೊಳ್ತೇನೆ’ ಅನ್ನುವ ಮಗಳನ್ನು ಅವಳ ಪಾಡಿಗೆ ಬಿಡಬಹುದಾ?

ಪ್ರಶ್ನೆ: ನಾವು ಉಡುಪಿ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು 19 ವರ್ಷವಾಯಿತು. ಒನ್ ಬಿಎಚ್‌ಕೆ ಮನೆ. ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ದೊಡ್ಡವಳಿಗೆ 16 ತುಂಬಿದೆ. ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಈಗ ಹನ್ನೊಂದನೇ ಸೈನ್ಸ್. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಥಾಣೆಯಲ್ಲಿ ನೀಟ್ ಕ್ಲಾಸು. 5.45ಕ್ಕೆ ಏಳುತ್ತಾಳೆ, ಮಲಗುವಾಗ 12 ದಾಟುತ್ತದೆ.

ಐದಾರು ತಿಂಗಳಿಂದ ಮಾತು ಕಡಿಮೆಯಾಗಿದೆ. ಟೆಸ್ಟಿನಲ್ಲಿ ಮಾರ್ಕ್ಸ್ ಇಳಿದರೆ, ತಮ್ಮನ ಜೊತೆ ಜಗಳವಾದರೆ ಸೀದಾ ಬಾತ್‌ರೂಮಿಗೆ ಹೋಗಿ ಅರ್ಧ ಗಂಟೆ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗೆ ಬಂದಾಗ ಕಣ್ಣು ಕೆಂಪಾಗಿರುತ್ತದೆ. ಕೇಳಿದರೆ, ‘ಎಂತ ಇಲ್ಲಮ್ಮ, ಸುಮ್ನೆ ಬೇಜಾರು. ನಾನೇ ಮ್ಯಾನೇಜ್ ಮಾಡ್ಕೊಳ್ತೇನೆ’ ಅನ್ನುತ್ತಾಳೆ. ಹೋದ ವಾರ ಕಪಾಟು ಒರೆಸುವಾಗ ಅವಳ ಬಟ್ಟೆಯ ಕಡೆ, ಬಾಗಿಲಿನ ಒಳಗೆ ಅಂಟಿಸಿದ ಒಂದು ಚೀಟಿ ಕಂಡಿತು. ಮೇಲೆ ‘ಮೂಡ್ ಆಫ್ ಆದಾಗ’ ಅಂತ ಬರೆದು, ಕೆಳಗೆ ಎಂಟು ಸಾಲು. ಮುಖಕ್ಕೆ ತಣ್ಣೀರು. ಹಾಡು. ಬರೆದು ಹರಿದುಬಿಡು. ಗೆಳತಿಗೆ ವಾಯ್ಸ್ ನೋಟ್. ರೀಲ್ಸ್. ಟೆರೇಸ್. ಮಲಗು. ಎಂಟನೆಯದು: ಅಮ್ಮನಿಗೆ ಹೇಳಬೇಡ.

ಯಜಮಾನರು ಫೋನ್ ಕಿತ್ತುಕೋ ಅನ್ನುತ್ತಾರೆ. ಅತ್ತೆ ದೃಷ್ಟಿಯಾಗಿದೆ ಅನ್ನುತ್ತಾರೆ. ಚೀಟಿಯ ವಿಷಯ ಇಬ್ಬರಿಗೂ ಹೇಳಿಲ್ಲ. ಊಟ ಮಾಡುತ್ತಾಳೆ, ಕ್ಲಾಸ್ ತಪ್ಪಿಸುವುದಿಲ್ಲ. ಅವಳ ಪಾಡಿಗೆ ಬಿಡಬಹುದಾ, ಡಾಕ್ಟರಿಗೆ ತೋರಿಸಬೇಕಾ? ಚೀಟಿ ನೋಡಿದೆ ಅಂತ ಹೇಳಲಾ, ಬೇಡವಾ?

ಉತ್ತರ: ಎಂಟನೇ ಸಾಲು ಓದಿದ ಮೇಲೆ ಉಳಿದ ಏಳು ನಿಮ್ಮ ಕಣ್ಣಿಗೆ ಸರಿಯಾಗಿ ಬಿದ್ದಿರಲಿಕ್ಕಿಲ್ಲ. ಯಾವ ತಾಯಿಗಾದರೂ ಹಾಗೇ. ಆ ಸಾಲಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆ ಏಳನ್ನು ನೋಡೋಣ.

ಮುಂಬಯಿಯಲ್ಲಿ ಈ ವಯಸ್ಸಿನ ಮಕ್ಕಳ ಜೊತೆ ಕೂತು ಮಾತಾಡಲು ಶುರು ಮಾಡಿ 20 ವರ್ಷ ದಾಟಿತು. ಯಾರೂ ಹೇಳಿಕೊಡದೆ ಇಂಥ ಚೀಟಿ ಬರೆದು ಅಂಟಿಸಿಕೊಂಡ ಮಕ್ಕಳನ್ನು ನಾನು ಜಾಸ್ತಿ ನೋಡಿಲ್ಲ. ನಿಮ್ಮ ಮಗಳಿಗೆ ತನ್ನ ಮನಸ್ಸು ಕೆಡುತ್ತದೆ ಅಂತ ಗೊತ್ತು. ಕೆಟ್ಟಾಗ ತಲೆ ಓಡುವುದಿಲ್ಲ ಅಂತಲೂ ಗೊತ್ತು. ಅದಕ್ಕೇ ಸಮಾಧಾನವಾಗಿದ್ದಾಗ ಬರೆದಿಟ್ಟಿದ್ದಾಳೆ. ನಾವು ಕೌನ್ಸೆಲರ್‌ಗಳು ಮೂರ್ನಾಲ್ಕು ಭೇಟಿ ತೆಗೆದುಕೊಂಡು ಮಾಡಿಸುವ ಕೆಲಸವನ್ನು ಅವಳು ಒಬ್ಬಳೇ ಮಾಡಿ ಮುಗಿಸಿದ್ದಾಳೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಮೆಚ್ಚಿ ಹೇಳುತ್ತಿದ್ದೇನೆ.

ನೀವು ಎರಡೇ ದಾರಿ ಇಟ್ಟಿದ್ದೀರಿ. ಒಂದೋ ಬಿಟ್ಟುಬಿಡುವುದು, ಇಲ್ಲಾ ಡಾಕ್ಟರು. ನಡುವೆ ತುಂಬಾ ಜಾಗ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದ ಏಳು ಮಕ್ಕಳಲ್ಲಿ ಒಬ್ಬರಿಗೆ ಚಿಕಿತ್ಸೆಯ ಮಟ್ಟದ ಮಾನಸಿಕ ತೊಂದರೆ ಇರುತ್ತದೆ. ಹಾಗಂತ ಉಳಿದ ಆರು ಮಂದಿ ನಗುತ್ತಾ ಓಡಾಡಿಕೊಂಡಿರುತ್ತಾರಾ? ಅವರೂ ಅಳುತ್ತಾರೆ, ಬಾಗಿಲು ಬಡಿಯುತ್ತಾರೆ, ಊಟದ ತಟ್ಟೆ ಸರಿಸಿ ಏಳುತ್ತಾರೆ. ಬಹಳಷ್ಟು ಮಕ್ಕಳು ತಮ್ಮದೇ ಉಪಾಯಗಳಿಂದ ಸುಧಾರಿಸಿಕೊಳ್ಳುತ್ತಾರೆ. ಆ ಉಪಾಯ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ನಾನು ಒಂದೇ ಒಂದು ವಿಷಯ ನೋಡುತ್ತೇನೆ. ಅದು ಮುಗಿದ ಮೇಲೆ ಮಗು ವಾಪಸ್ ಬರುತ್ತದಾ? ಬಾತ್‌ರೂಮಿನಿಂದ ಬಂದವಳು ಊಟಕ್ಕೆ ಕೂರುತ್ತಾಳಾ? ತಮ್ಮನ ಜೊತೆ ಮತ್ತೆ ರಿಮೋಟಿಗಾಗಿ ಕಿತ್ತಾಡುತ್ತಾಳಾ? ಹಾಗಿದ್ದರೆ ಅವಳು ಮಾಡಿಕೊಂಡದ್ದು ಆರೈಕೆ. ಒಳಗಿರುವ ಹೊತ್ತು ವಾರದಿಂದ ವಾರಕ್ಕೆ ಉದ್ದವಾಗುತ್ತಾ, ಹೊರಗೆ ಬಂದ ಮೇಲೂ ಮನಸ್ಸು ಒಳಗೇ ಉಳಿದರೆ, ಅದು ಅಡಗಿಕೊಳ್ಳುವುದು. ಅದೇ ಹಾಡು, ಅದೇ ನಿದ್ದೆ ಎರಡಕ್ಕೂ ಬಳಕೆಯಾಗಬಹುದು. ಹಾಗಾಗಿ ಚೀಟಿ ನೋಡಿ ಇದು ಒಳ್ಳೆಯದು, ಇದು ಕೆಟ್ಟದ್ದು ಅಂತ ಟಿಕ್ ಹಾಕಲು ಆಗುವುದಿಲ್ಲ.

ಬಾತ್‌ರೂಮಿನ ಬಗ್ಗೆ ನಿಮಗೆ ಚಿಂತೆ. ಐದು ಜನರ ಒನ್ ಬಿಎಚ್‌ಕೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾರೂ ಕಾರಣ ಕೇಳದ ಬಾಗಿಲು ಅದೊಂದೇ, ಅಲ್ವಾ? ಈ ಊರಿನಲ್ಲಿ ಅಳಲಿಕ್ಕೂ ಜಾಗ ಹುಡುಕಬೇಕು. ಕಲ್ಯಾಣದ ಒಬ್ಬ ಹುಡುಗ ದಾದರಿನಿಂದ ಮನೆಗೆ ಹೋಗುವಾಗ ಬೇಕಂತಲೇ ಫಾಸ್ಟ್ ಬಿಟ್ಟು ಸ್ಲೋ ಲೋಕಲ್ ಹಿಡಿಯುತ್ತಿದ್ದ. ತಡವಾಯಿತು ಅಂತ ಮನೆಯಲ್ಲಿ ದಿನಾ ಬೈಗುಳ. ‘ಸ್ಲೋನಲ್ಲಿ ಕಿಟಕಿ ಸಿಕ್ಕಿದರೆ ಅದೇ ನನ್ನ ರೂಮು ಮೇಡಂ’ ಅಂದಿದ್ದ. ನಿಮ್ಮ ಮನೆಯಲ್ಲೂ ದಿನಕ್ಕೆ ಅರ್ಧ ಗಂಟೆ ಬೆಡ್‌ರೂಮೋ ಗ್ಯಾಲರಿಯೋ ಅವಳದ್ದು ಅಂತ ಮಾಡಿಬಿಡಿ. ಆ ಹೊತ್ತಿನಲ್ಲಿ ಯಾರೂ ಕರೆಯಬಾರದು, ಬಟ್ಟೆ ತೆಗೆಯುವ ನೆಪದಲ್ಲಿ ಇಣುಕಬಾರದು. ಅತ್ತೆಯವರನ್ನು ಒಪ್ಪಿಸುವುದು ಸ್ವಲ್ಪ ಕಷ್ಟವಾಗಬಹುದು. ಆದರೂ ಬಾತ್‌ರೂಮಿಗಿಂತ ಅದು ವಾಸಿ.

ಈಗ ಚೀಟಿ. ಮುಖಕ್ಕೆ ತಣ್ಣೀರು ಅನ್ನುವುದನ್ನು ಹಗುರ ಮಾಡಬೇಡಿ. ಉಸಿರು ಬಿಗಿಹಿಡಿದು ಮುಖಕ್ಕೆ, ಅದರಲ್ಲೂ ಕಣ್ಣು ಕೆನ್ನೆಯ ಭಾಗಕ್ಕೆ ತಣ್ಣಗಿನದು ತಾಗಿದರೆ ಎದೆಬಡಿತ ನಿಧಾನವಾಗುತ್ತದೆ. ನೀರಿಗೆ ಮುಳುಗಿದಾಗ ಪ್ರಾಣಿಗಳ ದೇಹದಲ್ಲಿ ತಾನಾಗಿ ನಡೆಯುವ ಹೊಂದಾಣಿಕೆ ಇದು, ನಮ್ಮಲ್ಲೂ ಇದೆ. ತೀರಾ ಕಂಗಾಲಾದಾಗ, ಎದೆ ಡವಡವ ಅನ್ನುವಾಗ, ಒದ್ದೆ ಟವೆಲನ್ನು ಇಪ್ಪತ್ತು ಮೂವತ್ತು ಸೆಕೆಂಡ್ ಮುಖದ ಮೇಲೆ ಒತ್ತಿ ಹಿಡಿದರೂ ಸಾಕು. ಹೃದಯದ ತೊಂದರೆ ಇರುವವರು ಮಾತ್ರ ಇದನ್ನು ಮಾಡಬಾರದು. ಇದರ ಬೆನ್ನಿಗೆ ಉಸಿರನ್ನೂ ಸೇರಿಸಿಕೊಳ್ಳಬಹುದು. ಮೂಗಿನಿಂದ ಒಳಗೆ, ಬಾಯಿಯಿಂದ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು. ಬಿಸಿ ಗಂಜಿಯನ್ನು ಊದಿ ಆರಿಸುತ್ತೇವಲ್ಲ, ಹಾಗೆ. ನಿಮಿಷಕ್ಕೆ ಆರು ಉಸಿರಿನ ಹತ್ತಿರ ಬಂದರೆ ದೇಹವೇ ಶಾಂತವಾಗತೊಡಗುತ್ತದೆ. ನಾನು ಉಡುಪಿ ಕಡೆಯ ಮಕ್ಕಳಿಗೆ ‘ಗಂಜಿ ಉಸಿರು’ ಅಂತಲೇ ಹೇಳಿಕೊಡುವುದು. ನಗುತ್ತಾರೆ, ಆದರೆ ಮರೆಯುವುದಿಲ್ಲ.

ಬರೆದು ಹರಿಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ಮಕ್ಕಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆಯಲು ಹೇಳಿದ್ದರು. ಬರೆದು ಎದ್ದಾಗ ಮಕ್ಕಳ ಮುಖ ಇನ್ನಷ್ಟು ಬಾಡಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆಯನ್ನೂ ಅದರ ನೋವನ್ನೂ ಬರೆದವರು ಕಾಯಿಲೆ ಅಂತ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಇಂಥ ಪ್ರಯೋಗ ಬಹಳ ನಡೆದಿವೆ, ಒಟ್ಟಾರೆ ಲಾಭ ಸಣ್ಣದೇ ಅಂತಲೂ ಕಂಡಿದೆ. ಹಾಗಾಗಿ ಇದನ್ನು ಮಂತ್ರ ಅಂದುಕೊಳ್ಳುವುದು ಬೇಡ. ಆದರೆ ಬರೆದ ಮೇಲೆ ಅವಳ ಕಣ್ಣು ಕೆಂಪಾಗಿದ್ದರೆ, ಬರೆದದ್ದರಿಂದಲೇ ಕೆಟ್ಟದಾಯಿತು ಅಂತ ತಿಳಿಯಬೇಡಿ. ಇನ್ನು ಹರಿದುಹಾಕುವುದು. ಬೀಗ ಹಾಕುವ ಡ್ರಾಯರ್ ಇಲ್ಲದ ಮನೆಯಲ್ಲಿ ಹರಿಯುವುದೇ ಬೀಗ. ಕಸದ ಡಬ್ಬಿಯಿಂದ ಚೂರುಗಳನ್ನು ಹೆಕ್ಕಿ ಜೋಡಿಸಿ ಓದಿದ ತಾಯಂದಿರನ್ನು ನೋಡಿದ್ದೇನೆ. ದಯವಿಟ್ಟು ಅದೊಂದು ಮಾಡಬೇಡಿ. ಗೊತ್ತಾದ ದಿನ ಮಗು ಬರೆಯುವುದನ್ನೇ ಬಿಡುತ್ತದೆ.

ಬರೆಯುವುದೂ ದಾರಿ ತಪ್ಪುತ್ತದೆ. ‘ನನಗೇ ಯಾಕೆ ಹೀಗೆ, ನಾನೇ ಯಾಕೆ ಹೀಗೆ’ ಅಂತ ಪುಟಗಟ್ಟಲೆ ಹೋದರೆ ಗಾಯವನ್ನು ಕೆರೆದುಕೊಂಡ ಹಾಗೆ. ‘ಏನಾಯಿತು, ಆಗ ನನಗೆ ಏನನ್ನಿಸಿತು, ನಾಳೆ ಏನು ಮಾಡಬಹುದು’ ಅಂತ ಸಾಗಿದರೆ ಬರಹ ಎಲ್ಲೋ ಒಂದು ಕಡೆ ತಲುಪುತ್ತದೆ. ಇದನ್ನು ನೀವು ಅವಳಿಗೆ ಪಾಠ ಮಾಡಲು ಹೋಗಬೇಡಿ. ಮುಂದೆಂದಾದರೂ ಅವಳೇ ಬರವಣಿಗೆಯ ಮಾತು ತೆಗೆದರೆ ಹೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಸುಮ್ನೆ ಬೇಜಾರು’ ಅನ್ನುವ ಮಾತು. ನಮ್ಮ ‘ಬೇಜಾರು’ ಎಷ್ಟು ದೊಡ್ಡ ಚೀಲ ನೋಡಿ. ಟಿವಿಯಲ್ಲಿ ಏನೂ ಇಲ್ಲದಿದ್ದರೆ ಬೇಜಾರು. ಗೆಳತಿ ಚುಚ್ಚಿ ಮಾತಾಡಿದರೆ ಬೇಜಾರು. ಅಜ್ಜ ತೀರಿಕೊಂಡರೂ ಬೇಜಾರು. ನಿಮ್ಮ ಮಗಳು ದಿನವಿಡೀ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇರುವವಳು. ಮರಾಠಿ ಗೆಳತಿಗೆ ಬೋರಾದರೆ ‘ಕಂಟಾಳಾ ಆಲಾ’ ಅನ್ನುತ್ತಾಳೆ, ನೋವಾದರೆ ‘ವಾಯಿಟ್ ವಾಟ್ತಂಯ್’ ಅನ್ನುತ್ತಾಳೆ. ಎರಡು ಬೇರೆ ಬೇರೆ. ಮನೆಗೆ ಬಂದು ಕನ್ನಡದಲ್ಲಿ ಹೇಳುವಾಗ ಎರಡೂ ಬೇಜಾರು ಆಗಿಬಿಡುತ್ತದೆ. ಅವಳು ನೋವು ಹೇಳಿರಬಹುದು, ನಿಮಗೆ ಬೋರು ಅಂತ ಕೇಳಿಸಿರಬಹುದು. ‘ಬೇಜಾರಾದರೆ ಸ್ವಲ್ಪ ಪಾತ್ರೆ ತೊಳಿ’ ಅಂತ ನೀವು ಎಂದಾದರೂ ಅಂದಿದ್ದರೆ ಆಶ್ಚರ್ಯವಿಲ್ಲ. ನಾನೂ ನನ್ನ ಮಗನಿಗೆ ಅಂದಿದ್ದೇನೆ.

ಇದು ಬರೀ ಮಾತಿನ ಆಟ ಅಲ್ಲ. ಭಾವನೆಗೆ ಸರಿಯಾದ ಹೆಸರು ಕೊಟ್ಟರೆ ಅದರ ಬಿಸಿ ಇಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಮಿದುಳನ್ನು ಸ್ಕ್ಯಾನ್ ಮಾಡುತ್ತಾ ಇದನ್ನು ನೋಡಿದರು. ಸಿಟ್ಟಿನ, ಭಯದ ಮುಖಗಳ ಫೋಟೊ ತೋರಿಸಿ, ಆ ಭಾವನೆಯ ಹೆಸರು ಆರಿಸಲು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ನಮ್ಮಲ್ಲಿ ಹೆಸರಿಗೆ ಬರವೇ? ಕಸಿವಿಸಿ, ತಳಮಳ, ದಿಗಿಲು, ಅಳುಕು, ಮುನಿಸು, ಹೊಟ್ಟೆಕಿಚ್ಚು, ಉಮ್ಮಳ. ಪರೀಕ್ಷೆಯ ಹಿಂದಿನ ರಾತ್ರಿಯದು ದಿಗಿಲು. ಗೆಳತಿಯರೆಲ್ಲ ತನ್ನನ್ನು ಬಿಟ್ಟು ಸಿನಿಮಾಕ್ಕೆ ಹೋದರೆ ಬರುವುದು ಬೇರೆ. ಅಳು ಗಂಟಲಲ್ಲೇ ನಿಂತರೆ ಉಮ್ಮಳ. ಈ ಮಾತುಗಳನ್ನು ಮನೆಯಲ್ಲಿ ನಿಮ್ಮ ಬಗ್ಗೆಯೇ ಬಳಸಿ. ‘ಇವತ್ತು ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿದರು, ಇನ್ನೂ ಕಸಿವಿಸಿಯಾಗ್ತಿದೆ’ ಅಂತ ಬಿಲ್ಡಿಂಗ್ ಸೊಸೈಟಿಯ ಮೀಟಿಂಗ್ ಮುಗಿಸಿ ಬಂದಾಗ ಸುಮ್ನೆ ಹೇಳಿ. ಮಕ್ಕಳು ಕೇಳಿಸಿಕೊಳ್ಳದ ಹಾಗೆ ಇರುತ್ತಾರೆ, ಎಲ್ಲಾ ಕೇಳಿಸಿಕೊಂಡಿರುತ್ತಾರೆ.

ಗೆಳತಿಗೆ ವಾಯ್ಸ್ ನೋಟ್ ಕಳಿಸುವುದು ಒಳ್ಳೆಯದೇ. ಒಂದು ಜೀವ ಆ ಕಡೆ ಇದೆ ಅನ್ನುವುದೇ ಬಲ. ಆದರೆ ಇಬ್ಬರೂ ಸೇರಿ ಒಂದೇ ಸಂಕಟವನ್ನು ದಿನಾ ರಾತ್ರಿ ತಿರುವಿ ಹಾಕುತ್ತಿದ್ದರೆ ಗೆಳೆತನವೂ ಗಟ್ಟಿಯಾಗುತ್ತದೆ, ದುಗುಡವೂ ಗಟ್ಟಿಯಾಗುತ್ತದೆ. ಹುಡುಗಿಯರಲ್ಲಿ ಇದು ಹೆಚ್ಚು ಅಂತ 2002ರಲ್ಲಿ ಬಂದ ಒಂದು ಅಧ್ಯಯನ ಗುರುತಿಸಿತ್ತು. ಇನ್ನೊಂದು ಮಾತು. ಹದಿನಾರರ ಹುಡುಗಿ ಹದಿನಾರರ ಇನ್ನೊಬ್ಬಳ ಎಲ್ಲಾ ಭಾರ ಹೊರಲು ಆಗುವುದಿಲ್ಲ. ‘ನಿನ್ನ ಗೆಳತಿ ಸಾಯುವ ಮಾತಾಡಿದರೆ ಅದನ್ನು ಗುಟ್ಟಾಗಿ ಇಡಬೇಡ, ದೊಡ್ಡವರಿಗೆ ಹೇಳು, ಅದು ಚಾಡಿ ಆಗುವುದಿಲ್ಲ’ ಅಂತ ಅವಳಿಗೆ ಒಮ್ಮೆ ಹೇಳಿಡಿ. ಅದು ಅವಳಿಗೂ ಅನ್ವಯಿಸುತ್ತದೆ ಅಂತ ಅವಳಿಗೆ ಅರ್ಥವಾಗುತ್ತದೆ.

ಹಾಡಿನ ಬಗ್ಗೆ ತಕರಾರಿಲ್ಲ. ದುಃಖದ ಹಾಡೇ ಕೇಳುತ್ತಾಳೆ ಅಂತ ಗಾಬರಿ ಬೇಡ, ನಾವೂ ಅದನ್ನೇ ಮಾಡಿದವರು.

ರೀಲ್ಸ್ ವಿಷಯದಲ್ಲಿ ನಿಮ್ಮ ಯಜಮಾನರು ಅರ್ಧ ಸರಿ. ಹತ್ತು ನಿಮಿಷ ತಲೆ ಹಗುರ ಮಾಡಿಕೊಳ್ಳಲು ಸಾಕು, ಒಂದು ಗಂಟೆ ಆದರೆ ತಲೆ ಕಲ್ಲಾಗುತ್ತದೆ. ಅದು ಅವಳಿಗೂ ಗೊತ್ತಿರುತ್ತದೆ. ಆದರೆ ಫೋನ್ ಕಿತ್ತುಕೊಂಡರೆ ಚೀಟಿಯ ಮೂರು ಸಾಲುಗಳು ಒಟ್ಟಿಗೆ ಹೋಗುತ್ತವೆ. ಹಾಡು, ಗೆಳತಿ, ರೀಲ್ಸ್. ಅಳುವ ಮಗುವಿನ ಕೈಯಿಂದ ಮೂರು ಊರುಗೋಲು ಕಸಿದು ‘ಈಗ ನಡಿ’ ಅಂದ ಹಾಗೆ. ಅದರ ಬದಲು ರಾತ್ರಿ 11 ಗಂಟೆಗೆ ಮನೆಯವರೆಲ್ಲರ ಫೋನೂ ಹಾಲಿನ ಒಂದೇ ಚಾರ್ಜಿಂಗ್ ಬೋರ್ಡಿಗೆ. ಎಲ್ಲರದ್ದೂ ಅಂದೆ. ಯಜಮಾನರದ್ದೂ ಸೇರಿ.

ಇನ್ನು ನಿದ್ದೆ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿ ದಾಟಿದ್ದೀರಿ. ಮಲಗುವಾಗ 12 ದಾಟುತ್ತದೆ, ಏಳುವುದು 5.45. ಆರು ಗಂಟೆಯೂ ಆಗಲಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ವಾರಕ್ಕೆ ಲೆಕ್ಕ ಹಾಕಿದರೆ ಅವಳಿಗೆ ಕಡಿಮೆಯೆಂದರೂ ಒಂದೂವರೆ ರಾತ್ರಿಯಷ್ಟು ನಿದ್ದೆ ಬಾಕಿ. ಜೊತೆಗೆ ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ದೊಡ್ಡವರಿಗಿಂತ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಹಾಗಾಗಿ ‘ಒಂಬತ್ತಕ್ಕೆ ಮಲಗು, ನಾಲ್ಕಕ್ಕೆ ಎದ್ದು ಓದು’ ಅನ್ನುವ ನಮ್ಮ ಕಾಲದ ಬುದ್ಧಿವಾದ ಅವಳ ದೇಹಕ್ಕೆ ಒಪ್ಪುವುದಿಲ್ಲ. ನಿದ್ದೆಗೆಟ್ಟ ಮಿದುಳಿಗೆ ಸಣ್ಣ ಮಾತೂ ದೊಡ್ಡದಾಗಿ ಕೇಳಿಸುತ್ತದೆ. ತಮ್ಮ ಪೆನ್ನು ಮುಟ್ಟಿದ್ದಕ್ಕೆ ಅರ್ಧ ಗಂಟೆ ಅಳು ಬಂದರೆ, ಅದರಲ್ಲಿ ಎಷ್ಟು ಪಾಲು ದುಃಖ, ಎಷ್ಟು ಪಾಲು ನಿದ್ದೆ ಅಂತ ಯಾರು ಹೇಳುತ್ತಾರೆ? ಸಂಜೆಯ ಮೇಲೆ ಚಹಾ ಕಾಫಿ ನಿಲ್ಲಿಸಿ. ಕೆಫೀನಿನ ಅರ್ಧ ಭಾಗ ದೇಹದಿಂದ ಇಳಿಯಲು ಐದು ಗಂಟೆಯ ಆಸುಪಾಸು ಹಿಡಿಯುತ್ತದೆ. ‘ಓದಲಿ ಪಾಪ’ ಅಂತ ರಾತ್ರಿ 10ಕ್ಕೆ ನೀವೇ ಪ್ರೀತಿಯಿಂದ ಕೊಡುವ ಫಿಲ್ಟರ್ ಕಾಫಿ ಮಧ್ಯರಾತ್ರಿಯವರೆಗೂ ಎಚ್ಚರ ಇಡುತ್ತದೆ. ಚೀಟಿಯ ‘ಮಲಗು’ ಅನ್ನುವ ಸಾಲಿಗೆ ನೀವು ಮಾಡಬಹುದಾದ ಸಹಾಯ ಇದು. ಒಂದೇ ಎಚ್ಚರ: ಎಂಟೊಂಬತ್ತು ಗಂಟೆ ಮಲಗಿದ ಮೇಲೂ ದಿನವಿಡೀ ಹಾಸಿಗೆಯೇ ಬೇಕು ಅನ್ನಿಸುತ್ತಿದ್ದರೆ ಆ ನಿದ್ದೆ ಬೇರೆ ಜಾತಿಯದ್ದು.

ಟೆರೇಸ್ ಅನ್ನುವ ಸಾಲನ್ನು ನಾನು ಎರಡು ಸಲ ಓದಿದೆ. ಗಾಳಿ, ಆಕಾಶ, ನಾಲ್ಕು ಸುತ್ತು ನಡಿಗೆ. ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಆದರೂ ಅಳುತ್ತಾ ಒಬ್ಬಳೇ ಟೆರೇಸಿಗೆ ಹೋಗುವುದು ನನಗೆ ಸಮಾಧಾನ ತರುವುದಿಲ್ಲ. ಅದನ್ನು ಕೆಳಗೆ ಇಳಿಸಿ. ಸೊಸೈಟಿಯ ಕಾಂಪೌಂಡಿನಲ್ಲಿ ಸುತ್ತು, ಇಲ್ಲಾ ಹಾಲು ತರುವ ನೆಪದಲ್ಲಿ ನಾಕಾದವರೆಗೆ ನಡಿಗೆ.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬ ಹುಡುಗನಿಗೆ ಉಸಿರಾಟ, ಡೈರಿ, ವ್ಯಾಯಾಮ, ಎಲ್ಲಾ ಬರೆದ ಚಾರ್ಟ್ ಮಾಡಿಕೊಟ್ಟಿದ್ದೆ. ಮುಂದಿನ ವಾರ ಎಲ್ಲದಕ್ಕೂ ಟಿಕ್ ಹಾಕಿಕೊಂಡು ಬಂದ. ಗುರುವಾರ ಒಂದು ದಿನ ತಪ್ಪಿದ್ದಕ್ಕೆ ಕ್ಷಮೆ ಕೇಳಿದ. ಅವನಿಗೆ ಅದು ಇನ್ನೊಂದು ಟ್ಯೂಷನ್ ಆಗಿತ್ತು, ನಾನು ಇನ್ನೊಬ್ಬ ಟೀಚರ್. ನೀವು ಈಗ ಈ ಉತ್ತರ ಓದಿ, ‘ಗಂಜಿ ಉಸಿರು ಮಾಡಿದೆಯಾ, ಬರೆದೆಯಾ’ ಅಂತ ಅವಳ ಹಿಂದೆ ಬಿದ್ದರೆ ಅದೇ ಕಥೆ.

ಇನ್ನು ಸ್ವಲ್ಪ ಕಹಿ ಮಾತು. ಎಲ್ಲಾ ಸಂಕಟವೂ ಮನಸ್ಸಿನೊಳಗೇ ಹುಟ್ಟುವುದಿಲ್ಲ. ಕೆಲವು ಟೈಮ್‌ಟೇಬಲ್ಲಿನಲ್ಲಿ ಹುಟ್ಟುತ್ತವೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಜಾಸ್ತಿ. ಆ ವರ್ಷ ಎಂಬಿಬಿಎಸ್ ಸೀಟುಗಳು ಸರ್ಕಾರಿ, ಖಾಸಗಿ ಎಲ್ಲಾ ಸೇರಿ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಇದ್ದವು. ಎಷ್ಟು ಉಸಿರು ಬಿಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ನೀಟ್ ಅವಳ ಆಸೆಯಾ, ಮನೆಯವರದ್ದಾ, ಹತ್ತನೇ ಕ್ಲಾಸಿನ ಮಾರ್ಕ್ಸ್ ನೋಡಿ ಎಲ್ಲರೂ ಸೇರಿ ತೀರ್ಮಾನಿಸಿದ್ದಾ? ನಿಮ್ಮ ಪತ್ರದಲ್ಲಿ ಅದು ಇಲ್ಲ. ಒಮ್ಮೆ ಕೇಳಿ.

ಇಂಥ ಹೊರಗಿನ ತೊಂದರೆಗಳಿಗೆ ಒಂದು ಸರಳ ವಿಧಾನ ಇದೆ. ನಮ್ಮ ಪಕ್ಕದ ಗೋವಾದಲ್ಲಿ 1996ರಲ್ಲಿ ಶುರುವಾದ ಸಂಗಾತ್ ಅನ್ನುವ ಸಂಸ್ಥೆಯವರು ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಮಾಡಿ ನೋಡಿದ್ದು. ಮೂರೇ ಮೆಟ್ಟಿಲು. ತೊಂದರೆ ಯಾವುದು ಅಂತ ಒಂದನ್ನು ಹೆಸರಿಸು. ಏನೇನು ಮಾಡಬಹುದು ಅಂತ ನಾಲ್ಕಾರು ದಾರಿ ಬರೆ. ಒಂದನ್ನು ಆರಿಸಿ ಮಾಡಿ ನೋಡು. ಕೆಲವು ಮಕ್ಕಳಿಗೆ ಪುಸ್ತಿಕೆ ಮಾತ್ರ ಕೊಟ್ಟರು. ಇನ್ನು ಕೆಲವರಿಗೆ ಪುಸ್ತಿಕೆಯ ಜೊತೆ, ತರಬೇತಿ ಪಡೆದ ಸಾಮಾನ್ಯ ಜನರು ನಾಲ್ಕೈದು ಸಲ ಪುಟ್ಟ ಮಾತುಕತೆ ನಡೆಸಿದರು. 2020ರಲ್ಲಿ ಫಲಿತಾಂಶ ಬಂತು. ಆರು ವಾರದ ಹೊತ್ತಿಗೆ, ತಮ್ಮನ್ನು ಕಾಡುತ್ತಿದ್ದ ತೊಂದರೆ ಇಳಿದಿದೆ ಅಂತ ಹೇಳುವುದರಲ್ಲಿ ಮಾತಾಡಲು ಜನ ಇದ್ದ ಮಕ್ಕಳು ಮುಂದೆ ಇದ್ದರು. ಆತಂಕ, ಖಿನ್ನತೆಯಂಥ ಲಕ್ಷಣಗಳ ಅಂಕದಲ್ಲಿ ಮಾತ್ರ ಆಗಿನ್ನೂ ವ್ಯತ್ಯಾಸ ಕಾಣಲಿಲ್ಲ. ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು: ಮಗು ತನ್ನ ಕೆಲಸ ತಾನೇ ಮಾಡಬೇಕು, ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಕೂತವರು ಪಂಡಿತರೇ ಆಗಬೇಕಾಗಿಲ್ಲ. ನಿಮ್ಮ ಮಗಳ ಚೀಟಿಯಲ್ಲಿ ಇಲ್ಲದಿರುವುದೂ ಇದೇ. ಏಳೂ ಸಾಲು ಮನಸ್ಸನ್ನು ತಣಿಸುತ್ತವೆ. ಮನಸ್ಸು ಕೆಡಿಸುವುದನ್ನು ಮುಟ್ಟುವ ಸಾಲು ಒಂದೂ ಇಲ್ಲ. ಥಾಣೆಯ ಕ್ಲಾಸಿನಲ್ಲಿ ಕೆಳಗಿನ ಬ್ಯಾಚಿಗೆ ಹಾಕಿದರಾ, ಯಾರಾದರೂ ಆಡಿಕೊಳ್ಳುತ್ತಾರಾ, ಫಿಸಿಕ್ಸ್ ಅರ್ಥವೇ ಆಗುತ್ತಿಲ್ಲವಾ? ಅದಕ್ಕೆ ದೊಡ್ಡವರು ಬೇಕು.

ಅತ್ತೆಯವರ ದೃಷ್ಟಿಯ ಮಾತಿಗೆ ಸಿಟ್ಟು ಮಾಡಿಕೊಳ್ಳಬೇಡಿ. ಉಪ್ಪು ಮೆಣಸು ಹಿಡಿದು ಅಜ್ಜಿ ಮೂರು ಸುತ್ತು ಇಳಿಸುವಾಗ ಮೊಮ್ಮಗಳು ಎರಡು ನಿಮಿಷ ಸುಮ್ಮನೆ ಕೂರುತ್ತಾಳೆ, ಒಬ್ಬರ ಪೂರ್ತಿ ಗಮನ ಅವಳ ಮೇಲೆ ಇರುತ್ತದೆ. ತಪ್ಪೇನಿಲ್ಲ. ಆದರೆ ದೃಷ್ಟಿ ತೆಗೆದಾಯಿತು ಅಂತ ಕೆಳಗೆ ಹೇಳುವುದನ್ನು ಮುಂದೂಡಬೇಡಿ.

ಇವು ಕಂಡರೆ ಚೀಟಿಯನ್ನು ನಂಬಿಕೊಂಡು ಕಾಯಬಾರದು. ಎರಡು ವಾರಕ್ಕೂ ಜಾಸ್ತಿ, ಹೆಚ್ಚು ಕಡಿಮೆ ದಿನವೂ, ದಿನದ ಹೆಚ್ಚಿನ ಹೊತ್ತು ಮಂಕಾಗಿರುವುದು. ಇಷ್ಟವಾದದ್ದೂ ಬೇಡವಾಗುವುದು. ಊಟ ನಿದ್ದೆ ಪೂರ್ತಿ ಏರುಪೇರಾಗುವುದು. ಕಾಲೇಜು ತಪ್ಪಿಸುವುದು. ‘ನಾನಿಲ್ಲದಿದ್ದರೆ ನಿಮಗೆಲ್ಲಾ ಆರಾಮ’ ಎಂಬಂಥ ಮಾತು. ಮೇ ತಿಂಗಳ ಡೊಂಬಿವಲಿಯ ಸೆಕೆಯಲ್ಲೂ ಬಿಡದೆ ತುಂಬು ತೋಳು ಹಾಕಿಕೊಂಡರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾಳಾ ಅಂತ ನಾನು ಒಮ್ಮೆ ಯೋಚಿಸುತ್ತೇನೆ. ಅನುಮಾನ ಬಂದರೆ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತದಾ ಮಗಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ. ಕೇಳಿದಾಗ ಮಕ್ಕಳು ಉಸಿರು ಬಿಡುವುದನ್ನು ನಾನೇ ನೋಡಿದ್ದೇನೆ. ‘ಹೌದು’ ಅಂದರೆ ಬೈಯಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ತುರ್ತು ಇಲ್ಲದಿದ್ದರೆ ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಸಾಲು ಉದ್ದ ಇರುತ್ತದೆ. ಮನೆಯಿಂದಲೇ ಮಾತಾಡಬೇಕೆಂದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡ, ಮರಾಠಿ ಎರಡೂ ಅದರ ಭಾಷೆಗಳಲ್ಲಿ ಸೇರಿವೆ. ಆ ನಂಬರನ್ನು ಫ್ರಿಜ್ಜಿನ ಮೇಲೆ ಗ್ಯಾಸಿನವರ ನಂಬರಿನ ಪಕ್ಕ ಬರೆದಿಡಿ. ಯಾರಿಗಾಗಿ ಅಂತ ಹೇಳಬೇಕಾಗಿಲ್ಲ.

ನೀವು ಬರೆದಷ್ಟರಲ್ಲಿ ನಿಮ್ಮ ಮಗಳು ಈ ಲಕ್ಷಣಗಳಿರುವ ಮಕ್ಕಳ ಸಾಲಿಗೆ ಸೇರಿದ ಹಾಗೆ ನನಗೆ ಕಾಣುವುದಿಲ್ಲ. ಆದರೆ ಐದಾರು ತಿಂಗಳು ಸಣ್ಣ ಅವಧಿಯೂ ಅಲ್ಲ. ನಿದ್ದೆ ಸರಿಪಡಿಸಿ ಮೂರು ವಾರ ನೋಡಿ. ಹಾಗೇ ಇದ್ದರೆ ಒಮ್ಮೆ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ. ‘ನಿನಗೆ ಏನೋ ಆಗಿದೆ’ ಅನ್ನಬೇಡಿ. ‘ನೀನು ಮಾಡಿಕೊಳ್ತಿರುವುದಕ್ಕೆ ಇನ್ನೊಂದೆರಡು ಉಪಾಯ ಸಿಗಬಹುದು’ ಅನ್ನಿ.

ಈಗ ಎಂಟನೇ ಸಾಲು. ‘ಅಮ್ಮನಿಗೆ ಹೇಳಬೇಡ.’ ನೀವು ಇದನ್ನು ಅಮ್ಮ ಬೇಡ ಅಂತ ಓದಿದಿರಿ. ನನಗೆ ಹಾಗೆ ಕೇಳಿಸುತ್ತಿಲ್ಲ. ಅಪ್ಪ, ಅಜ್ಜಿ, ಟೀಚರ್ ಯಾರ ಹೆಸರೂ ಅಲ್ಲಿಲ್ಲ. ಹೇಳಬೇಕು ಅನ್ನಿಸುವುದು ನಿಮಗೆ ಮಾತ್ರ, ಅದಕ್ಕೇ ತಡೆದುಕೊಳ್ಳಲು ಬರೆದಿಟ್ಟುಕೊಳ್ಳಬೇಕಾಯಿತು. ಯಾಕೆ ತಡೆದುಕೊಳ್ಳುತ್ತಾಳೆ? ನನ್ನೆದುರು ಕೂತ ಮಕ್ಕಳು ಇದಕ್ಕೆ ಕೊಟ್ಟ ಕಾರಣಗಳು ಮೂರೇ. ಅಮ್ಮ ಅಳುತ್ತಾಳೆ. ಅಮ್ಮ ತಕ್ಷಣ ಪರಿಹಾರ ಹೇಳುತ್ತಾಳೆ. ಅಮ್ಮ ಊರಿಗೆ ಫೋನ್ ಮಾಡಿ ದೊಡ್ಡಮ್ಮನಿಗೆ ಹೇಳುತ್ತಾಳೆ. ನಿಮ್ಮದು ಇದರಲ್ಲಿ ಯಾವುದು ಅಂತ ನಿಮಗೇ ಗೊತ್ತಿರುತ್ತದೆ.

ಚೀಟಿ ನೋಡಿದ್ದನ್ನು ಹೇಳಿ. ಮುಚ್ಚಿಟ್ಟರೆ ಒಂದಲ್ಲ ಒಂದು ದಿನ ನಿಮ್ಮ ಬಾಯಿಂದಲೇ ಹೊರಬೀಳುತ್ತದೆ, ಆಗ ಅದು ಕಳ್ಳತನದ ಹಾಗೆ ಕಾಣುತ್ತದೆ. ಆದರೆ ಎದುರೆದುರು ಕೂರಿಸಿಕೊಂಡು ಬೇಡ. ಭಾನುವಾರ ಸಂಜೆ ಭಾಜಿ ತರಲು ಸ್ಟೇಷನ್ ಕಡೆ ಹೋಗುವಾಗ ಅವಳನ್ನು ಕರೆದುಕೊಂಡು ಹೋಗಿ. ಪಕ್ಕದಲ್ಲಿ ನಡೆಯುವಾಗ ಕಣ್ಣು ಕಣ್ಣು ಸೇರಬೇಕಾಗಿಲ್ಲ, ಅಳು ಬಂದರೂ ಗದ್ದಲದಲ್ಲಿ ಯಾರಿಗೂ ಕಾಣುವುದಿಲ್ಲ. ‘ಕಪಾಟು ಒರೆಸುವಾಗ ನಿನ್ನ ಚೀಟಿ ಕಂಡಿತು. ಬೇಕಂತ ಹುಡುಕಿದ್ದಲ್ಲ. ನೀನು ಯೋಚಿಸಿ ಬರೆದದ್ದು ನನಗೆ ಇಷ್ಟವಾಯಿತು. ಎಂಟನೆಯದು ಹಾಗೇ ಇರಲಿ. ಎಂದಾದರೂ ಹೇಳಬೇಕು ಅನ್ನಿಸಿದರೆ ನಾನು ಅಳದೆ ಕೇಳ್ತೇನೆ, ಯಾರಿಗೂ ಫೋನ್ ಮಾಡುವುದಿಲ್ಲ. ನಿನ್ನ ಜೀವಕ್ಕೆ ತೊಂದರೆ ಅನ್ನಿಸಿದರೆ ಮಾತ್ರ ನಾನು ಸುಮ್ಮನೆ ಇರಲಿಕ್ಕಾಗುವುದಿಲ್ಲ.’ ಇಷ್ಟೇ. ಇದನ್ನು ನಿಮ್ಮ ಮಾತಿನಲ್ಲಿ, ಮನೆಯಲ್ಲಿ ತುಳು ಆಡುವುದಾದರೆ ತುಳುವಿನಲ್ಲೇ ಹೇಳಿ.

ಅವಳು ಬರೀ ‘ಹ್ಞೂಂ’ ಅನ್ನಬಹುದು. ‘ನನ್ನ ಕಪಾಟು ಯಾಕೆ ಮುಟ್ಟಿದ್ದು’ ಅಂತ ಸಿಡುಕಲೂಬಹುದು. ಸಿಡುಕಿದರೆ, ‘ಇನ್ನು ಮೇಲೆ ನೀನೇ ಒರೆಸಿಕೋ’ ಅಂತ ಒಪ್ಪಿಕೊಂಡುಬಿಡಿ. ಆವತ್ತಿಗೆ ಅಷ್ಟು ಸಾಕು. ಆಮೇಲೆ ಮೆಂತೆ ಸೊಪ್ಪಿಗೆ ಚೌಕಾಸಿ ಮಾಡಿ, ಚೀಲದ ಒಂದು ಕಿವಿ ಅವಳ ಕೈಗೆ ಕೊಟ್ಟು ಮನೆಗೆ ಬನ್ನಿ.